ಲ ಹಾವ್ರ್‌ನ ಕಂಬಕ್ಕೆ ಕಾಣದ ತೇಪೆ: ನನ್ನ ಅನುಭವ

ಫ್ರಾನ್ಸಿನ ಲ ಹಾವ್ರ್ ನಗರದ ಹಳೆಯ ವಸತಿ ಕಟ್ಟಡವೊಂದರ ನಾಲ್ಕನೆಯ ಮಹಡಿಯ ಕಂಬಕ್ಕೆ, ಸುತ್ತಲಿನ ಹಳೆಯ ಮೈಯಿಂದ ಬೇರೆಯಾಗಿ ಕಾಣದಂತೆ, ನಾನು ಹಾಕಿಸಿದ ಕಾಂಕ್ರೀಟ್ ತೇಪೆ ಎರಡು ಮಳೆಗಾಲ ಮತ್ತು ಎರಡು ಚಳಿಗಾಲಗಳನ್ನು ಕಂಡಿದೆ. ‘ಇದು ಆಗುವ ಕೆಲಸವಲ್ಲ, ಬಣ್ಣ ಬಳಿದು ಮುಗಿಸಿ’ ಎಂದಿದ್ದ ಹಿರಿಯ ಮೇಸ್ತ್ರಿ ಕಳೆದ ತಿಂಗಳು ಬೀದಿಯಲ್ಲಿ ನಿಂತು, ದುರಸ್ತಿಯೇ ಆಗದ ಪಕ್ಕದ ಕಂಬವನ್ನು ತೋರಿಸಿ ‘ಇದೇ ತಾನೇ ನಿಮ್ಮ ತೇಪೆ?’ ಎಂದು ಕೇಳಿದರು. ಬರೆಯುವ ಧೈರ್ಯ ಬಂದದ್ದು ಆ ದಿನ.

1944ರ ಸೆಪ್ಟೆಂಬರ್ 5 ಮತ್ತು 6ರ ಬಾಂಬ್ ದಾಳಿಯಲ್ಲಿ ನೆಲಸಮವಾದ ಈ ನಗರದ ನಡುಭಾಗವನ್ನು ವಾಸ್ತುಶಿಲ್ಪಿ ಒಗ್ಯುಸ್ತ್ ಪೆರೆ ಮತ್ತು ಅವರ ತಂಡ 6.24 ಮೀಟರ್ ಅಳತೆಯ ಚೌಕಳಿಯ ಮೇಲೆ ಮರಳಿ ಕಟ್ಟಿತು. ದುರಸ್ತಿಗೆ ನಿಂತವರನ್ನು ಕಾಡುವುದು ಆ ಚೌಕಳಿಯಲ್ಲ, ಕಾಂಕ್ರೀಟಿನ ಮೈ. ಪೆರೆ ಅದಕ್ಕೆ ಗಿಲಾವನ್ನೂ ಬಣ್ಣವನ್ನೂ ಕೊಡದೆ, ಮುಳ್ಳುಸುತ್ತಿಗೆಯಿಂದ (ಮುಖದ ತುಂಬ ಮೊನೆಗಳಿರುವ ಸುತ್ತಿಗೆ) ಮೇಲ್ಪದರವನ್ನು ಕುಟ್ಟಿಸಿ ಒಳಗಿನ ಜಲ್ಲಿ ಕಾಣುವಂತೆ ಮಾಡಿದರು. ಉರುಳಿದ ಮನೆಗಳ ಅವಶೇಷವನ್ನು ಪುಡಿಮಾಡಿ ಕಾಂಕ್ರೀಟಿಗೆ ಬಳಸಿದ್ದರಿಂದ ಕೆಲವೆಡೆ ಇಟ್ಟಿಗೆಯ ನಸುಗೆಂಪು ಇಣುಕುತ್ತದೆ. ಪೆರೆ 1954ರಲ್ಲಿ ತೀರಿಕೊಂಡ ಮೇಲೂ ಕೆಲಸ ಸುಮಾರು ಹತ್ತು ವರ್ಷ ನಡೆಯಿತು. ಗುತ್ತಿಗೆದಾರರು ಬೇರೆ, ಮರಳು ಬೇರೆ, ಆದ್ದರಿಂದ ಒಂದು ಕಟ್ಟಡದ ಮಿಶ್ರಣ ಮತ್ತೊಂದಕ್ಕೆ ಹೊಂದುವುದಿಲ್ಲ. 2005ರಲ್ಲಿ ಈ ಭಾಗ ವಿಶ್ವ ಪರಂಪರೆಯ ಪಟ್ಟಿಗೆ ಸೇರಿರುವುದರಿಂದ ಬಣ್ಣ ಬಳಿದು ಜಾರಿಕೊಳ್ಳುವ ದಾರಿಯೂ ನನಗೆ ಉಳಿದಿರಲಿಲ್ಲ.

ಮೊದಲ ಸಲ ಎಲ್ಲರಂತೆ ನಾನೂ ಚೀಲದ ಸಿದ್ಧ ಗಾರೆಗೆ ಬಣ್ಣದ ಪುಡಿ ಬೆರೆಸಿದೆ. ಒಣಗಿದಾಗ ಚೆನ್ನಾಗಿಯೇ ಕಂಡ ತೇಪೆ, ಮಳೆ ಬಿದ್ದ ದಿನ ಸುತ್ತಲಿನ ಗೋಡೆ ಕಪ್ಪಾದಾಗ ತಾನು ಮಾತ್ರ ತಿಳಿಬಣ್ಣದಲ್ಲೇ ಉಳಿದು, ಹಳೆಯ ಪಂಚೆಗೆ ಹೊಸ ಬಟ್ಟೆಯ ತುಂಡು ಹೊಲಿದಂತೆ ಎದ್ದು ಕಂಡಿತು. ಅದನ್ನು ಒಡೆದು ತೆಗೆಯುವುದಕ್ಕೂ ಸಾರವೆಯ ಬಾಡಿಗೆ ಇನ್ನೆರಡು ವಾರ ಮುಂದುವರಿದದ್ದಕ್ಕೂ ಸೇರಿ ಮೂರು ಸಾವಿರ ಯೂರೋಗಳಿಗೆ ಸ್ವಲ್ಪ ಹೆಚ್ಚೇ ಕೈಬಿಟ್ಟಿತು. ಫ್ಲಾಟ್ ಮಾಲೀಕರ ಸಭೆಯಲ್ಲಿ ಅದರ ಲೆಕ್ಕ ಒಪ್ಪಿಸಿದ ಸಂಜೆಯನ್ನು ನಾನು ಇನ್ನೂ ಮರೆತಿಲ್ಲ.

ಎರಡನೆಯ ಸಲ ಬಣ್ಣದ ಪುಡಿಯನ್ನು ಪೂರ್ತಿಯಾಗಿ ಕೈಬಿಟ್ಟೆ. ತುಕ್ಕು ಹಿಡಿದ ಕಂಬಿ ಉಬ್ಬಿ ಉದುರಿಸಿದ್ದ ಚೂರುಗಳನ್ನು ಕೊಯ್ದು, ನುಣ್ಣಗೆ ಉಜ್ಜಿ, ಹತ್ತು ಸೆಂಟಿಮೀಟರ್ ಚೌಕದ ಪಾರದರ್ಶಕ ಹಾಳೆಯನ್ನು ಮೇಲಿಟ್ಟು, ಕಂದು ಚಕಮಕಿ ಕಲ್ಲು ಎಷ್ಟು, ಇಟ್ಟಿಗೆ ಚೂರು ಎಷ್ಟು, ಬಿಳಿ ಹರಳು ಎಷ್ಟು ಎಂದು ಒಂದೊಂದಾಗಿ ಎಣಿಸಿದೆ. ಆ ಎಣಿಕೆಗೆ ತಕ್ಕಂತೆ ಜಲ್ಲಿ ಹುಡುಕಿ ಸುಮಾರು ನಲವತ್ತು ಮಾದರಿ ಹಲಗೆಗಳನ್ನು ಎರಕ ಹೊಯ್ದೆ. ಬಿಸಿಲಿನಲ್ಲಿ ಒಮ್ಮೆ, ನೀರು ಎರಚಿ ಇನ್ನೊಮ್ಮೆ ನೋಡಿದ ಮೇಲೆ ಉಳಿದವು ಮೂರೇ. ಬಣ್ಣ ನಿಲ್ಲುವುದು ಸಿಮೆಂಟಿನಿಂದ ಮಾತ್ರವಲ್ಲ, ಮರಳಿನ ಅತಿ ಸಣ್ಣ ಕಣಗಳಿಂದಲೂ ಎಂಬುದು ಅಲ್ಲಿ ಸ್ಪಷ್ಟವಾಯಿತು. ಬಿಳಿ ಮತ್ತು ಬೂದು ಸಿಮೆಂಟನ್ನು ಯಾವ ಪ್ರಮಾಣದಲ್ಲಿ ಬೆರೆಸಿದೆ ಎಂಬುದನ್ನು ಮಾತ್ರ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ, ಕ್ಷಮಿಸಿ.

ಈ ನಡುವೆ ಒಂದು ಹುಚ್ಚಾಟವನ್ನೂ ನಡೆಸಿದೆ. ಸಕ್ಕರೆ ಸಿಮೆಂಟಿನ ಗಟ್ಟಿಯಾಗುವಿಕೆಯನ್ನು ತಡೆಯುವುದರಿಂದ, ಊರಿನಿಂದ ತಂದಿದ್ದ ಮಂಡ್ಯದ ಅಚ್ಚುಬೆಲ್ಲವನ್ನು ಕರಗಿಸಿ ಸೆಂಟ್ರಿಂಗ್ ಹಲಗೆಯ ಒಳಮೈಗೆ ಬಳಿದು, ಮರುದಿನ ಬ್ರಷ್ಷಿನಲ್ಲಿ ತೊಳೆದರೆ ಸುತ್ತಿಗೆಯೇ ಬೇಡವಾದೀತು ಎಂದುಕೊಂಡಿದ್ದೆ. ಒಂದು ಹಲಗೆಯಲ್ಲಿ ಎರಡು ಮಿಲಿಮೀಟರ್ ಅಂದವಾಗಿ ತೊಳೆದುಹೋಯಿತು, ಮತ್ತೊಂದು ವಾರವಾದರೂ ಬೆರಳಿಗೆ ಅಂಟುತ್ತಿತ್ತು. ಜಲ್ಲಿ ಕಂಡಿತಾದರೂ ಒಡೆಯದ ದುಂಡು ಕಲ್ಲಾಗಿಯೇ ಕಂಡಿತು; ಸುತ್ತಿಗೆಯ ಏಟಿಗೆ ಕಲ್ಲು ಸೀಳಿ ಒಳಬಣ್ಣ ಬಿಡುವ ಹೊಳಪು ಅದಕ್ಕೆ ಬರಲಿಲ್ಲ. ಅಂಗಳದ ನೆಲಹಾಸಿಗೆ ಆದೀತು, ಕಂಬಕ್ಕೆ ಸಲ್ಲದು.

ಕುಟ್ಟುವುದರಲ್ಲೂ ಪೆಟ್ಟು ತಿಂದೆ. ನಾಲ್ಕನೆಯ ದಿನ ಕುಟ್ಟಿಸಿದಾಗ ಜಲ್ಲಿ ಬುಡಸಮೇತ ಕಿತ್ತು ಬಂದಿತು. ಕಾದು ಕುಟ್ಟಿಸಿದಾಗ ಮೈ ಸರಿಯಾಯಿತು, ಆದರೆ ಕಂಬದ ಮೂಲೆ ಹಾರಿಹೋಯಿತು. ಆಗ ಹಳೆಯ ಕಂಬಗಳನ್ನು ಹತ್ತಿರದಿಂದ ನೋಡಿದರೆ, ಪ್ರತಿ ಅಂಚಿನಲ್ಲೂ ಎರಡು ಬೆರಳಗಲ ನುಣುಪಾದ ಪಟ್ಟಿಯೊಂದನ್ನು ಅಂದಿನ ಕೆಲಸಗಾರರು ಕುಟ್ಟದೆ ಬಿಟ್ಟಿದ್ದರು. ನಾನು ಅದನ್ನು ಬರೀ ಅಲಂಕಾರವೆಂದು ಎಣಿಸಿದ್ದೆ! ಪಟ್ಟಿ ಬಿಟ್ಟು, ಯಂತ್ರವನ್ನು ಬದಿಗಿಟ್ಟು, ಕೈಸುತ್ತಿಗೆಯಲ್ಲೇ ಕುಟ್ಟಿಸಿದ ಮೇಲೆ ಒಂದು ಮೂಲೆಯೂ ಒಡೆಯಲಿಲ್ಲ. ಎಷ್ಟನೆಯ ದಿನ ಕುಟ್ಟಬೇಕೆಂಬುದು ಹವೆಯನ್ನು ಅವಲಂಬಿಸಿದೆ. ನಾನು ಉಗುರಿನಿಂದ ಮಾಡುವ ಪರೀಕ್ಷೆಯೊಂದಿದೆ, ಅದನ್ನು ಎದುರು ನಿಂತೇ ತೋರಿಸಬೇಕು.

ಚದರ ಮೀಟರಿಗೆ ಮಾಮೂಲಿ ತೇಪೆಗಿಂತ ಹೆಚ್ಚುಕಡಿಮೆ ಎರಡೂವರೆ ಪಟ್ಟು ಖರ್ಚು ಬಿದ್ದಿತು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕೂಲಿಯೇ. ಆದರೂ ಮಾಲೀಕರು ಒಳ ಅಂಗಳದ ಕಡೆಯ ಕಂಬಗಳನ್ನೂ ನನಗೇ ಒಪ್ಪಿಸಿದ್ದಾರೆ. ಒಂದೇ ಕಟ್ಟಡವಾದರೂ ಅಲ್ಲಿನ ಚೂರುಗಳಲ್ಲಿ ಇಟ್ಟಿಗೆಯ ಸುಳಿವೇ ಇಲ್ಲ, ಮರಳೂ ದಪ್ಪ. ಎಣಿಕೆಯನ್ನು ಮೊದಲಿನಿಂದ ಆರಂಭಿಸಿದ್ದೇನೆ; ಆರನೆಯ ಹಲಗೆ ಈಗ ಶೆಡ್ಡಿನಲ್ಲಿ ಒಣಗುತ್ತಿದೆ.