ಕಾಶ್ಮೀರಿ ಗೇಟ್‌ನ ಫಲಕವನ್ನು ನಾನು ಓದಿಸುವ ಬಗೆ

ಪ್ರತಿ ಚಳಿಗಾಲದಲ್ಲಿ ದೆಹಲಿಯ ಕನ್ನಡ ಮಕ್ಕಳನ್ನು ಹಳೇ ಊರು ಸುತ್ತಿಸುತ್ತೇನೆ. ಕಾಶ್ಮೀರಿ ಗೇಟ್ ಬಂದಾಗ ಮೊದಲೆಲ್ಲ ಎರಡೇ ಮಾತು ಹೇಳುತ್ತಿದ್ದೆ. ದಂಗೆ ಎದ್ದ ಸಿಪಾಯಿಗಳ ಕೈಯಲ್ಲಿದ್ದ ದೆಹಲಿಗೆ ನುಗ್ಗಲು 1857ರ ಸೆಪ್ಟೆಂಬರ್ 14ರ ಬೆಳಿಗ್ಗೆ ಬ್ರಿಟಿಷರು ಮದ್ದಿನ ಚೀಲ ಇಟ್ಟು ಈ ಬಾಗಿಲು ಒಡೆದರು. ಹೋಮ್, ಸಾಲ್ಕೆಲ್ಡ್, ಸ್ಮಿತ್, ಹಾಥಾರ್ನ್ ಎಂಬ ನಾಲ್ವರಿಗೆ ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ (ವಿ.ಸಿ.) ಸಿಕ್ಕಿತು. ಅಷ್ಟೇ.

ಒಮ್ಮೆ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಫಲಕದ ಮುಂದೆ ನಿಂತೇಬಿಟ್ಟಳು. "ಅಂಕಲ್, ಕೆಳಗಡೆ ತುಲಾ ರಾಮ್ ಅಂತಿದೆ. ಇವರಿಗ್ಯಾಕೆ ವಿ.ಸಿ. ಇಲ್ಲ?"

ನನಗೆ ಗೊತ್ತಿರಲಿಲ್ಲ. ಅಷ್ಟು ವರ್ಷ ಆ ಕೆಳಗಿನ ಸಾಲುಗಳನ್ನು ಓದಿಯೇ ಇರಲಿಲ್ಲ. ತುಂಬಾ ನೋವಾಯಿತು.

ಮರುವಾರ ಒಬ್ಬನೇ ಹೋಗಿ ಫಲಕವನ್ನು ಕೈಯಲ್ಲಿ ಬರೆದುಕೊಂಡೆ. ಫೋಟೋ ತೆಗೆದರೆ ಕಣ್ಣು ಜಾರಿ ಹೋಗುತ್ತದೆ, ಬರೆದರೆ ಒಂದೊಂದು ಹೆಸರೂ ಮನಸ್ಸಲ್ಲಿ ಕೂರುತ್ತದೆ. ಸುಬೇದಾರ್ ತುಲಾ ರಾಮ್. ಜಮಾದಾರ್ ಬಿಸ್ ರಾಮ್. ಹವಾಲ್ದಾರ್ ಮಾಧೋ, ಗಾಯಗೊಂಡವನು. ಹವಾಲ್ದಾರ್ ತಿಲೋಕ್ ಸಿಂಗ್, ಗಾಯದಿಂದ ತೀರಿಕೊಂಡವನು. ಸಿಪಾಯಿ ರಾಮ್ ಹೇತ್, ಅಲ್ಲೇ ಸತ್ತವನು. ಐವರೂ ಬಂಗಾಳ ಸ್ಯಾಪರ್ಸ್ ಪಡೆಯವರು, ಅಂದರೆ ಕೋಟೆ ಒಡೆಯುವ, ಸೇತುವೆ ಕಟ್ಟುವ ಕೆಲಸದ ಕಂಪನಿ ಸೈನಿಕರು. ಈ ಕಲ್ಲನ್ನು ಇಡಿಸಿದ್ದು 1876ರಲ್ಲಿ, ಆಗಿನ ಸೇನಾಧಿಪತಿ ಲಾರ್ಡ್ ನೇಪಿಯರ್.

ಆಮೇಲೆ ಓದುತ್ತಾ ಹೋದೆ. ವಿಕ್ಟೋರಿಯಾ ಕ್ರಾಸ್ ಶುರುವಾಗಿದ್ದು 1856ರಲ್ಲಿ. ಭಾರತೀಯ ಸಿಪಾಯಿಗೆ ಅದು ಸಿಗುವ ಹಾಗೇ ಇರಲಿಲ್ಲ, ಎಷ್ಟೇ ಧೈರ್ಯ ತೋರಿಸಿದರೂ. ಅವರಿಗೆ ಬೇರೆಯದೇ ಗೌರವ, 1837ರಲ್ಲಿ ಕಂಪನಿ ತಂದ ಆರ್ಡರ್ ಆಫ್ ಮೆರಿಟ್. ವಿ.ಸಿ.ಯ ಬಾಗಿಲು ಭಾರತೀಯರಿಗೆ ತೆರೆದದ್ದು 1911ರಲ್ಲಿ. ಮೊದಲು ಪಡೆದವರು ಖುದಾದಾದ್ ಖಾನ್, 1914ರ ಅಕ್ಟೋಬರ್ 31ರಂದು ಬೆಲ್ಜಿಯಂನಲ್ಲಿ ಹೋರಾಡಿದ್ದಕ್ಕೆ.

ಈಗ ಮಕ್ಕಳನ್ನು ಮೊದಲು ಬಾಗಿಲ ಹೊರಗಡೆ ನಿಲ್ಲಿಸುತ್ತೇನೆ. ಆ ದಂಡು ಬಂದದ್ದು ಆ ಕಡೆಯಿಂದಲೇ, ಹಾಡಹಗಲಲ್ಲಿ, ಮುರಿದ ಸೇತುವೆ ದಾಟಿ. ಗೋಡೆಯ ಮೇಲೆ ಗುಂಡು ಬಡಿದ ಗುಳಿಗಳು ಇನ್ನೂ ಇವೆ. ಅದನ್ನು ನೋಡಿದ ಮೇಲೆ ಜಾಸ್ತಿ ವಿವರಿಸಬೇಕಾಗಿಲ್ಲ. ಚೀಲ ಇಡುವಾಗಲೇ ಆ ದಂಡಿನ ಬ್ರಿಟಿಷ್ ಸಾರ್ಜೆಂಟ್ ಕಾರ್ಮೈಕಲ್ ಸತ್ತ. ಬತ್ತಿ ಹಚ್ಚಲು ಹೋದ ಸಾಲ್ಕೆಲ್ಡ್‌ಗೆ ಗುಂಡು ಬಿತ್ತು, ಕೈಯಲ್ಲಿದ್ದ ಬೆಂಕಿಯನ್ನು ಜೊತೆಗಿದ್ದ ಬ್ರಿಟಿಷ್ ಕಾರ್ಪೊರಲ್ ಬರ್ಜೆಸ್‌ಗೆ ಕೊಟ್ಟ. ಅವನೂ ಬಿದ್ದ. ಪ್ರಾಣಕ್ಕೆ ಹೆದರದ ಆ ಗಳಿಗೆಯಲ್ಲಿ ಬಿಳಿಯರು, ಕರಿಯರು ಅಂತ ಭೇದ ಇರಲಿಲ್ಲ. ಭೇದ ಬಂದದ್ದು ಪದಕ ಹಂಚುವಾಗ.

ದೊಡ್ಡ ಮಕ್ಕಳು ಇನ್ನೊಂದು ಪ್ರಶ್ನೆ ಕೇಳುತ್ತಾರೆ. "ಇವರು ಕಂಪನಿ ಕಡೆಯವರು ಅಲ್ವಾ? ಇವರನ್ನ ಯಾಕೆ ನೆನೆಯಬೇಕು?" ಈ ಮಾತನ್ನು ನಾನು ತೇಲಿಸಿಬಿಡುವುದಿಲ್ಲ. ಅದೇ ವರ್ಷ ಹಲಗಲಿಯ ಬೇಡರು ತಮ್ಮ ಆಯುಧ ಕೊಡಲ್ಲ ಅಂತ ಕಂಪನಿಯ ವಿರುದ್ಧ ಎದ್ದರು. ನನ್ನ ಮನಸ್ಸು ಅವರ ಕಡೆಗೇ. ಇದೇ ಬಂಗಾಳ ಸ್ಯಾಪರ್ಸ್‌ನ ಒಂದಷ್ಟು ಸಿಪಾಯಿಗಳು ಆ ಮೇ ತಿಂಗಳಲ್ಲೇ ಮೀರತ್‌ನಲ್ಲಿ ದಂಗೆ ಎದ್ದಿದ್ದರು. ಉಳಿದವರು ಕಂಪನಿ ಕಡೆ ನಿಂತರು. ರಾಮ್ ಹೇತ್ ಯಾಕೆ ಉಳಿದ, ಸಂಬಳಕ್ಕೋ, ನಿಷ್ಠೆಗೋ, ಕಲ್ಲು ಹೇಳುವುದಿಲ್ಲ. ಅದನ್ನೂ ಮಕ್ಕಳಿಗೆ ಹಾಗೇ ಹೇಳುತ್ತೇನೆ.

ಕೊನೆಗೆ ಐದು ಮಕ್ಕಳಿಗೆ ಐದು ಹೆಸರು ಹಂಚುತ್ತೇನೆ. ರಸ್ತೆಯ ಹಾರ್ನ್ ಸದ್ದು ಜೋರಿರುತ್ತದೆ, ಹಾಗಾಗಿ ಕೂಗಿಯೇ ಓದಬೇಕು.