ಮೂರು ರಾತ್ರಿಗೊಮ್ಮೆ ನಿಂತುಬಿಡುತ್ತಿದ್ದ ವರ್ಕರ್: ನನ್ನ ಅನುಭವ

ರಾತ್ರಿ ಓಡುವ ನಮ್ಮ ಡೇಟಾ ಕೆಲಸವನ್ನು ಹಂಚಿಕೊಂಡು ಮಾಡುವ ಪ್ರೋಗ್ರಾಂಗಳಿಗೆ ವರ್ಕರ್ ಅಂತೀವಿ. ಅವುಗಳಲ್ಲಿ ಒಂದು ಮೂರು ರಾತ್ರಿಗೊಮ್ಮೆ ಸುಮ್ನೆ ನಿಂತುಬಿಡುತ್ತಿತ್ತು. "ಅದು ನೆಟ್‌ವರ್ಕ್ ಸಮಸ್ಯೆ ಕಣಯ್ಯಾ, ಟೈಮೌಟ್ ಹಾಕಿ ಮಲಗು" ಅಂತ ನಮ್ಮ ಲೀಡ್ ಹೇಳಿದ್ದರು. ನಾಲ್ಕು ತಿಂಗಳು ಹಾಗೇ ಮಾಡಿದೆವು. ನಿಂತ ವರ್ಕರನ್ನು ಕೊಲ್ಲೋದು, ಕೆಲಸವನ್ನು ಮೊದಲಿಂದ ಓಡಿಸೋದು. ಬೆಳಗಾಗೋದರೊಳಗೆ ಮುಗಿಯಬೇಕಲ್ಲ, ಅದಕ್ಕೆ ಇನ್ನೆರಡು ಕ್ಲೌಡ್ ಮಷೀನ್. ತಿಂಗಳಿಗೆ ಹೆಚ್ಚುಕಮ್ಮಿ 35 ಸಾವಿರ ಸುಮ್ನೆ ಹೋಗುತ್ತಿತ್ತು.

ಲಿನಕ್ಸ್, ಪೈಥಾನ್ 3.12, ಎಂಟು ವರ್ಕರ್. ಪೇರೆಂಟ್, ಅಂದರೆ ಮುಖ್ಯ ಪ್ರೋಗ್ರಾಂ, ಸುಮಾರು 3 ಜಿಬಿ ಡೇಟಾ ಲೋಡ್ ಮಾಡಿ ಫೋರ್ಕ್ ಆಗುತ್ತೆ, ಅಂದರೆ ತನ್ನದೇ ನಕಲುಗಳನ್ನು ಹುಟ್ಟಿಸುತ್ತೆ. ಆ ನಕಲುಗಳೇ (ಚೈಲ್ಡ್) ನಮ್ಮ ವರ್ಕರ್‌ಗಳು. ಆ ಡೇಟಾ ಓದುವ ಸಿ ಲೈಬ್ರರಿ ಒಳಗೊಳಗೇ ತನ್ನದೊಂದು ಥ್ರೆಡ್ (ಅದೇ ಪ್ರೋಗ್ರಾಂ ಒಳಗೆ ಪಕ್ಕದಲ್ಲೇ ಓಡುವ ಇನ್ನೊಂದು ಕೆಲಸ) ಶುರು ಮಾಡಿಕೊಂಡಿರುತ್ತೆ. ಥ್ರೆಡ್ ಇರುವಾಗ ಫೋರ್ಕ್ ಮಾಡಿದರೆ 3.12 ಎಚ್ಚರಿಸುತ್ತೆ ಅಲ್ವಾ, ಕಾಣಲಿಲ್ವಾ ಅಂತೀರಾ? ವಾರ್ನಿಂಗ್‌ಗಳ ಬಾಯಿ ಮುಚ್ಚಿಸುವ ಸಾಲನ್ನು ಬರೆದಿದ್ದವನು ನಾನೇ.

ಮೊದಲು ಸ್ಪಾನ್‌ಗೆ (ನಕಲು ಮಾಡದೆ ಪ್ರತಿ ವರ್ಕರನ್ನೂ ಹೊಸದಾಗಿ ಶುರು ಮಾಡುವ ಬಗೆ) ಬದಲಾಯಿಸಿದೆ. ಎಂಟೂ ವರ್ಕರ್ 3 ಜಿಬಿ ಬೇರೆ ಬೇರೆ ಲೋಡ್ ಮಾಡಿಕೊಂಡವು, 16 ಜಿಬಿ ಮಷೀನ್ ಹತ್ತೇ ನಿಮಿಷದಲ್ಲಿ ಮಲಗಿತು. "3.14ಕ್ಕೆ ಹೋಗು ಗುರು, ಅದರಲ್ಲಿ ಫೋರ್ಕ್‌ಸರ್ವರೇ ಡೀಫಾಲ್ಟ್" ಅಂದ ಗೆಳೆಯನೊಬ್ಬ. ಹೋಗದೆಯೇ 3.12ರಲ್ಲೇ ಫೋರ್ಕ್‌ಸರ್ವರ್ (ನಕಲು ಕೊಡಲೆಂದೇ ಬೇರೆ ಇಟ್ಟ ಪ್ರೋಗ್ರಾಂ) ಹಾಕಿ ನೋಡಿದೆ, ಅದರಲ್ಲೇ ಡೇಟಾ ಮೊದಲೇ ಲೋಡ್ ಆಗುವ ಹಾಗೆ ಪ್ರಿಲೋಡ್ ಮಾಡಿಸಿದೆ. ಆ ಪ್ರಿಲೋಡೇ ಲೈಬ್ರರಿಯ ಥ್ರೆಡ್ಡನ್ನು ಎಬ್ಬಿಸುತ್ತಿತ್ತು. ರೋಗ ಅಲ್ಲಿಂದ ಇಲ್ಲಿಗೆ ಬಂತು, ಅಷ್ಟೇ.

ಒಂದು ರಾತ್ರಿ ಎರಡು ಗಂಟೆಗೆ ವರ್ಕರ್ ನಿಂತಾಗ ನಾನು ಎದ್ದಿದ್ದೆ. ಕೊಲ್ಲಲಿಲ್ಲ. ಎಸ್‌ಟ್ರೇಸ್ (ಪ್ರೋಗ್ರಾಂ ಕರ್ನಲ್‌ಗೆ ಏನು ಕೇಳುತ್ತಿದೆ ಅಂತ ತೋರಿಸುವ ಟೂಲ್) ಹಾಕಿದರೆ ಒಂದೇ ಸಾಲು, ಫ್ಯೂಟೆಕ್ಸ್ ವೇಟ್, ಅಂದರೆ ಯಾವುದೋ ಲಾಕ್‌ಗೆ ಕಾಯುತ್ತಿದೆ. ಅದರಲ್ಲಿದ್ದ ಮೆಮೊರಿ ವಿಳಾಸ ತಗೊಂಡು ಜಿಡಿಬಿ ಡೀಬಗರ್‌ನಲ್ಲಿ ನಾಲ್ಕು ಇಂಟಿಜರ್ ಓದಿದೆ: 2, 0, 48213, 1. ಜಿಲಿಬ್‌ಸಿಯ (ಲಿನಕ್ಸ್‌ನ ಮೂಲ ಸಿ ಲೈಬ್ರರಿ) ಮ್ಯೂಟೆಕ್ಸ್‌ನಲ್ಲಿ, ಅಂದರೆ ಒಂದು ಸಲಕ್ಕೆ ಒಬ್ಬರೇ ಹಿಡಿಯುವ ಲಾಕ್‌ನಲ್ಲಿ, ಮೂರನೆಯದು ಲಾಕ್ ಹಿಡಿದವನ ಥ್ರೆಡ್ ಐಡಿ. ಈ ಚೈಲ್ಡ್‌ನಲ್ಲಿ ಇದ್ದದ್ದೇ ಒಂದು ಥ್ರೆಡ್, ಅದರ ಐಡಿ 48990. ಹಾಗಾದ್ರೆ 48213 ಯಾರು? ಪೇರೆಂಟ್‌ನಲ್ಲಿ ಹುಡುಕಿದೆ. ಲೈಬ್ರರಿಯ ಥ್ರೆಡ್! ಅದು ಲಾಕ್ ಹಿಡಿದಿದ್ದ ಗಳಿಗೆಯಲ್ಲೇ ಫೋರ್ಕ್ ಆಗಿದೆ. ಫೋರ್ಕ್ ಮಾಡಿದ ಥ್ರೆಡ್ ಮಾತ್ರ ನಕಲಾಗುತ್ತೆ, ಹಾಗಾಗಿ ಚೈಲ್ಡ್‌ಗೆ ಲಾಕ್ ಬಂತು, ಬಿಡಿಸುವವನು ಬರಲಿಲ್ಲ. ಸ್ಕ್ರೀನ್‌ಶಾಟ್ ತೋರಿಸಿದಾಗ ಲೀಡ್ "ಕಾಕತಾಳೀಯ ಇರಬಹುದು" ಅಂದರು.

ಸರಿ, ಬೇಕೆಂದಾಗ ನಿಲ್ಲಿಸಿ ತೋರಿಸ್ತೀನಿ ಅಂತ ಹಟ ಬಂತು. ಆರ್‌ಆರ್ ಅನ್ನುವ ಡೀಬಗರ್‌ನ ಕೇಯಾಸ್ ಮೋಡ್ (ಥ್ರೆಡ್‌ಗಳ ಸರದಿಯನ್ನು ಬೇಕೆಂದೇ ಏರುಪೇರು ಮಾಡೋದು) ಬೇಕಿತ್ತು, ಅದಕ್ಕೆ ಬೇಕಾದ ಸಿಪಿಯು ಹಾರ್ಡ್‌ವೇರ್ ಕೌಂಟರ್ ನಮ್ಮ ಕ್ಲೌಡ್ ಮಷೀನಿನಲ್ಲಿ ಸಿಗಲಿಲ್ಲ. ಎಸ್‌ಪಿ ರೋಡಿಗೆ ಹೋಗಿ ಸೆಕೆಂಡ್‌ಹ್ಯಾಂಡ್ ಡೆಸ್ಕ್‌ಟಾಪ್ ತಂದೆ. 18 ಸಾವಿರ ಹೇಳಿದ, 15ಕ್ಕೆ ಇಳಿಸಿದೆ, ಆಟೋದವನು ಉಳಿಸಿದ್ದರಲ್ಲಿ 300 ಕಿತ್ತುಕೊಂಡ. ಮೂರು ರಾತ್ರಿಗೊಮ್ಮೆ ಬರುತ್ತಿದ್ದದ್ದು ನಲವತ್ತು ಪುಟ್ಟ ಟೆಸ್ಟ್ ಓಟಕ್ಕೊಮ್ಮೆ ಬರತೊಡಗಿತು. ಆಮೇಲೆ ಲಾಕ್ ಹಿಡಿದಿರುವ ಹೊತ್ತನ್ನು ಎಳೆದು ಉದ್ದ ಮಾಡುವ ಪುಟ್ಟ ಸಿ ಫೈಲ್ ಬರೆದೆ, ಎರಡು ಓಟಕ್ಕೊಮ್ಮೆ ಗ್ಯಾರಂಟಿ. ಆ ಫೈಲ್ ಮಾತ್ರ ಕೇಳಬೇಡಿ, ಕೊಡಲ್ಲ.

 

ಪರಿಹಾರ ಪಿಥ್ರೆಡ್ ಅಟ್‌ಫೋರ್ಕ್, ಅಂದರೆ ಫೋರ್ಕ್‌ನ ಹಿಂದೆ ಮುಂದೆ ನಮ್ಮ ಕೋಡ್ ಓಡಿಸುವ ಸೌಲಭ್ಯ. ಫೋರ್ಕ್‌ಗೆ ಮುಂಚೆ ಲಾಕ್ ನಾವೇ ಹಿಡಿಯೋದು, ಆಮೇಲೆ ಎರಡೂ ಕಡೆ ಬಿಡೋದು. ಇಲ್ಲೂ ಎರಡು ಸಲ ಬಿದ್ದೆ. ಲೈಬ್ರರಿಯಲ್ಲಿ ಎರಡು ಲಾಕ್ ಇದ್ದವು, ಲೈಬ್ರರಿ ಹಿಡಿಯುವ ಕ್ರಮಕ್ಕೆ ತಿರುಗಾಮುರುಗಾ ಹಿಡಿದೆ, ಪೇರೆಂಟೇ ನಿಂತಿತು. ಅದನ್ನು ಸರಿಮಾಡಿದರೆ ಎರಡನೇ ಲಾಕ್ ರಿಕರ್ಸಿವ್, ಅಂದರೆ ಹಿಡಿದವನೇ ಮತ್ತೆ ಹಿಡಿಯಬಹುದು, ಬಿಡುವಾಗ ಓನರ್ ಯಾರೆಂದು ನೋಡುತ್ತೆ. ಚೈಲ್ಡ್‌ನಲ್ಲಿ ಥ್ರೆಡ್ ಐಡಿ ಬದಲಾಗಿರುತ್ತಲ್ಲ, ಅನ್‌ಲಾಕ್ ಮಾಡಿದರೆ "ನೀನು ಓನರ್ ಅಲ್ಲ" ಅಂತ ಎರರ್ ಕೊಡುತ್ತೆ. ನಾನು ರಿಟರ್ನ್ ವ್ಯಾಲ್ಯೂ ನೋಡಿರಲಿಲ್ಲ, ಎರಡು ದಿನ ಹೋಯಿತು. ಅದೊಂದನ್ನು ಚೈಲ್ಡ್‌ನಲ್ಲಿ ಹೊಸದಾಗಿ ಇನಿಟ್ ಮಾಡಿದೆ.

ಆರು ವಾರ ಆಯಿತು, ಒಂದು ವರ್ಕರೂ ನಿಂತಿಲ್ಲ. ಎರಡು ಮಷೀನ್ ಆಫ್ ಮಾಡಿಸಿದೆ. ಎಸ್‌ಪಿ ರೋಡ್ ಡೆಸ್ಕ್‌ಟಾಪಿನ ಬಿಲ್ ಮಾತ್ರ ಆಫೀಸಿನಲ್ಲಿ ಇನ್ನೂ ಪಾಸಾಗಿಲ್ಲ.