ಕಾಡಲ್ಲಿ ಕಾಲು ಮುರಿದರೆ? ಡಬ್ಬಿಗಿಂತ ಮೊದಲು ಕೈ ರೆಡಿ ಮಾಡಿಕೊಳ್ಳಿ

ಕುಮಾರಪರ್ವತದಿಂದ ಇಳಿಯುವಾಗ ನಮ್ಮ ಚಿಕ್ಕಪ್ಪನ ಮಗ ಜಾರಿ ಬಿದ್ದ. ಶೇಷಪರ್ವತ ದಾಟಿ ಭಟ್ಟರ ಮನೆ ಕಡೆಗೆ ಬರುವ ಹುಲ್ಲಿನ ಇಳಿಜಾರು, ಮಧ್ಯಾಹ್ನ ಮೂರು ಗಂಟೆ. ಪಾದ ಒಂದು ಕಡೆ ಸೊಟ್ಟಗೆ ತಿರುಗಿತ್ತು. ನಾವು ಆರು ಜನ ಇದ್ದೆವು, ಎಲ್ಲರ ಬ್ಯಾಗಲ್ಲೂ ಒಂದೊಂದು ಫಸ್ಟ್ ಏಡ್ ಡಬ್ಬಿ ಇತ್ತು, ಪ್ಲಾಸ್ಟರು, ಮುಲಾಮು, ಮಾತ್ರೆ ಎಲ್ಲ ಇತ್ತು, ಆದರೆ ಮುರಿದ ಕಾಲಿಗೆ ಆಸರೆ ಕಟ್ಟುವುದು ಹೇಗೆ ಅಂತ ಒಬ್ಬರಿಗೂ ಗೊತ್ತಿರಲಿಲ್ಲ.

ಒಂದು ಕೋಲು ಇಟ್ಟು ಟವೆಲ್‌ನಿಂದ ಬಿಗಿಯಾಗಿ ಕಟ್ಟಿದೆವು. ಹತ್ತು ನಿಮಿಷದಲ್ಲಿ ಅವನು ಬೆರಳು ಜೋಮು ಹಿಡಿದಿದೆ ಅಂದ. ಹಿಂದಿನಿಂದ ಇಳಿಯುತ್ತಿದ್ದ ಹಿರಿಯರೊಬ್ಬರು ನಿಂತು, ಏನೂ ಮಾತಾಡದೆ ಅವನ ಹೆಬ್ಬೆರಳ ಉಗುರು ಒತ್ತಿ ಬಿಟ್ಟರು. ಬಿಳಿಯಾದ ಉಗುರು ಬಿಳಿಯಾಗಿಯೇ ಇತ್ತು. "ರಕ್ತ ಹೋಗ್ತಿಲ್ಲ, ಬಿಚ್ಚಿ" ಅಂದರು. ನಮ್ಮ ಮಲಗುವ ಮ್ಯಾಟನ್ನು ಕಾಲಿನ ಸುತ್ತ ತೊಟ್ಟಿಲ ಹಾಗೆ ಮಡಚಿ, ನಾಲ್ಕು ಕಡೆ ಸಡಿಲವಾಗಿ ಗಂಟು ಹಾಕಿ, ಮತ್ತೆ ಉಗುರು ಒತ್ತಿದರು. ಎರಡು ಸೆಕೆಂಡಲ್ಲಿ ಗುಲಾಬಿ ಬಣ್ಣ ವಾಪಸ್ ಬಂತು. ಆ ಉಗುರಿನ ಬಣ್ಣ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದೆ. ನಾನು ಕಾಡಿನ ಪ್ರಥಮ ಚಿಕಿತ್ಸೆ ಕೋರ್ಸ್ ಸೇರಿದ್ದು ಅದರಿಂದಲೇ.

ಊರಲ್ಲಿ ಏನಾದರೂ ಆದರೆ 108ಕ್ಕೆ ಫೋನ್ ಮಾಡುತ್ತೇವೆ. ಕಾಡಲ್ಲಿ ಸಿಗ್ನಲ್ಲೇ ಇರುವುದಿಲ್ಲ. ಇದ್ದರೂ ಆಂಬುಲೆನ್ಸ್ ರಸ್ತೆ ತನಕ ಮಾತ್ರ ಬರುತ್ತದೆ, ಅಲ್ಲಿಗೆ ನಾವೇ ಹೊತ್ತು ತರಬೇಕು. ಹಾಗಾಗಿ ನಮ್ಮ ಕೆಲಸ ವಾಸಿ ಮಾಡುವುದಲ್ಲ. ಆಸ್ಪತ್ರೆ ಮುಟ್ಟುವ ತನಕ ಪೆಟ್ಟು ಇನ್ನೂ ಕೆಡದ ಹಾಗೆ ನೋಡಿಕೊಳ್ಳುವುದು. ಇದನ್ನು ಓದಿ ಕಲಿಯಲು ಆಗುವುದಿಲ್ಲ, ಗಾಬರಿಯಲ್ಲಿ ತಲೆ ಓಡುವುದಿಲ್ಲ, ಕೈಗೆ ಅಭ್ಯಾಸ ಇದ್ದರೆ ಮಾತ್ರ ಕೈ ಓಡುತ್ತದೆ. ಕೆಳಗಿನ ಒಂದೊಂದನ್ನೂ ಮನೆಯಲ್ಲಿ ಒಮ್ಮೆ ಮಾಡಿ ನೋಡಿ.

ಮೊದಲು ನಿಲ್ಲಿ

ಯಾರಾದರೂ ಬಿದ್ದ ತಕ್ಷಣ ಓಡಬೇಡಿ. ಮೇಲಿಂದ ಕಲ್ಲು ಉರುಳುತ್ತಿದೆಯಾ, ಜೇನು ಎದ್ದಿದೆಯಾ, ನೀವೂ ಜಾರುತ್ತೀರಾ ನೋಡಿ. ಇಬ್ಬರು ಬಿದ್ದರೆ ಹೊರುವವರು ಯಾರು? ಹತ್ತಿರ ಹೋದ ಮೇಲೆ ಮೊದಲು ರಕ್ತ ಚಿಮ್ಮುತ್ತಿದೆಯಾ ನೋಡಿ, ಆಮೇಲೆ ಉಸಿರು, ಆಮೇಲೆ ಕುತ್ತಿಗೆ ಮತ್ತು ಬೆನ್ನು. ಎತ್ತರದಿಂದ ಬಿದ್ದವರನ್ನು ಕೈ ಹಿಡಿದು ಎಬ್ಬಿಸುವುದು ನಮ್ಮೆಲ್ಲರ ಅಭ್ಯಾಸ, ಅದನ್ನು ಬಿಡಲೇಬೇಕು. ವಾಂತಿ ಬಂದು ಪಕ್ಕಕ್ಕೆ ತಿರುಗಿಸಲೇಬೇಕಾದರೆ ಒಬ್ಬರು ತಲೆ ಹಿಡಿದು, ಉಳಿದವರು ಹೆಗಲು ಸೊಂಟ ಹಿಡಿದು, ಮರದ ದಿಮ್ಮಿ ಉರುಳಿಸಿದ ಹಾಗೆ ಒಟ್ಟಿಗೆ ತಿರುಗಿಸಿ. ಇದಕ್ಕೆ ಮೂರು ಜನ ಬೇಕು. ಮನೆಯ ಚಾಪೆ ಮೇಲೆ ಮಕ್ಕಳನ್ನು ಮಲಗಿಸಿ ಅಭ್ಯಾಸ ಮಾಡಿ, ಅವರಿಗೂ ಖುಷಿ.

ರಕ್ತ ನಿಲ್ಲಿಸುವುದು

ಸ್ವಚ್ಛ ಬಟ್ಟೆ ಇಟ್ಟು ಅಂಗೈಯಿಂದ ಒತ್ತಿ. ಮೈಭಾರ ಬಿಟ್ಟು ಒತ್ತಬೇಕು. ವಾಚ್ ನೋಡಿಕೊಂಡು ಹತ್ತು ನಿಮಿಷ, ಮಧ್ಯದಲ್ಲಿ ಎತ್ತಿ ಇಣುಕಬಾರದು. ಹತ್ತು ನಿಮಿಷ ಎಷ್ಟು ಉದ್ದ ಅಂತ ಗೊತ್ತಾಗಬೇಕಾದರೆ ಒಂದು ದಿಂಬಿನ ಮೇಲೆ ಹಾಗೇ ಒತ್ತಿ ಕೂತು ನೋಡಿ, ಮೂರನೇ ನಿಮಿಷಕ್ಕೇ ಕೈ ಸೋಲುತ್ತದೆ. ಬಟ್ಟೆ ನೆನೆದರೆ ಮೇಲೆ ಇನ್ನೊಂದು ಇಡಿ. ಕೈ ಅಥವಾ ಕಾಲಿನ ಗಾಯದಿಂದ ರಕ್ತ ಚಿಮ್ಮುತ್ತಾ ಇದ್ದು, ಒತ್ತಿದರೂ ನಿಲ್ಲದಿದ್ದರೆ ಮಾತ್ರ ಟೂರ್ನಿಕೆಟ್, ಅಂದರೆ ರಕ್ತ ಹರಿಯದ ಹಾಗೆ ಬಿಗಿಯುವ ಪಟ್ಟಿ. ಗಾಯದಿಂದ ಮೂರ್ನಾಲ್ಕು ಬೆರಳು ಮೇಲೆ, ಮಂಡಿ ಮೊಣಕೈ ಗಂಟಿನ ಮೇಲೆ ಅಲ್ಲದ ಹಾಗೆ, ಅಗಲವಾದ ಪಟ್ಟಿ ಕಟ್ಟಿ ಕೋಲಿನಿಂದ ತಿರುಚಿ ಬಿಗಿ ಮಾಡಬೇಕು. ಕಟ್ಟಿದ ಸಮಯ ಪೆನ್ನಲ್ಲಿ ಕೈ ಮೇಲೆಯೇ ಬರೆಯಿರಿ. ಕಟ್ಟಿದ ಮೇಲೆ ದಾರಿಯಲ್ಲಿ ಬಿಚ್ಚಬೇಡಿ, ಅದು ವೈದ್ಯರ ಕೆಲಸ.

ಮುರಿದ ಮೂಳೆ

ಕೊಡೆ, ಊರುಗೋಲು, ಮ್ಯಾಟು, ಮಡಚಿದ ಪೇಪರ್, ಏನು ಬೇಕಾದರೂ ಆಸರೆ ಆಗುತ್ತದೆ. ಮುರಿದ ಜಾಗದ ಮೇಲಿನ ಮತ್ತು ಕೆಳಗಿನ ಎರಡೂ ಕೀಲು ಅಲ್ಲಾಡದ ಹಾಗೆ ಕಟ್ಟಬೇಕು, ಇದನ್ನೇ ಜಾಸ್ತಿ ಜನ ಮರೆಯುವುದು. ಮೊಣಕಾಲ ಕೆಳಗೆ ಮುರಿದಿದ್ದರೆ ಮಂಡಿಯೂ ಹಿಮ್ಮಡಿ ಗಂಟೂ ಎರಡೂ ಆಸರೆಯೊಳಗೆ ಬರಬೇಕು. ಸಂದಿಗಳಿಗೆ ಬಟ್ಟೆ ತುಂಬಿ. ಮುರಿದ ಜಾಗದ ಮೇಲೆಯೇ ಗಂಟು ಬೇಡ. ಕಟ್ಟುವ ಮೊದಲು ಮತ್ತು ಆಮೇಲೆ ಉಗುರು ಒತ್ತಿ ನೋಡಿ, ಬೆರಳು ಅಲ್ಲಾಡಿಸಲು ಹೇಳಿ, ಮುಟ್ಟಿದ್ದು ಗೊತ್ತಾಗುತ್ತಾ ಕೇಳಿ. ಊತ ಬರುತ್ತಾ ಇರುತ್ತದೆ, ಅರ್ಧ ಗಂಟೆಗೊಮ್ಮೆ ಮತ್ತೆ ನೋಡಿ ಸಡಿಲ ಮಾಡಬೇಕು. ಅಪ್ಪನ ಪಂಚೆ, ಒಂದು ಕೊಡೆ ತಗೊಂಡು ಇವತ್ತು ಸಂಜೆಯೇ ಮನೆಯವರ ಕಾಲಿಗೆ ಕಟ್ಟಿ ನೋಡಿ.

ಹಾವು ಕಚ್ಚಿದರೆ

ಇದನ್ನು ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕೆಂದರೆ ತಪ್ಪು ತಿಳಿವಳಿಕೆ ಇರುವುದು ಇಲ್ಲಿಯೇ ಜಾಸ್ತಿ. 2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 2000ರಿಂದ 2019ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತಿದ್ದಾರೆ. ಕರ್ನಾಟಕ ಸರ್ಕಾರ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು.

ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಮೇಲೆ ಹಗ್ಗ ಬಿಗಿಯಬೇಡಿ, ನಾಟಿ ಮದ್ದು ಹುಡುಕುತ್ತಾ ಹೊತ್ತು ಕಳೆಯಬೇಡಿ. ಬಿಗಿದು ಕಟ್ಟಿದರೆ ಕೊಳಕುಮಂಡಲದಂಥ ಹಾವಿನ ವಿಷ ಅಲ್ಲೇ ನಿಂತು ಮಾಂಸವನ್ನೇ ಕೊಳೆಸಬಹುದು. ಮಾಡಬೇಕಾದ್ದು ಇಷ್ಟೇ. ಹಾವಿನಿಂದ ದೂರ ಬನ್ನಿ, ಕಚ್ಚಿಸಿಕೊಂಡವರನ್ನು ಕೂರಿಸಿ ಅಥವಾ ಮಲಗಿಸಿ, ಉಂಗುರ, ಬಳೆ, ಕಾಲ್ಗೆಜ್ಜೆ, ವಾಚು, ಬೂಟು ತಕ್ಷಣ ತೆಗೆಯಿರಿ, ಊದಿದ ಮೇಲೆ ತೆಗೆಯಲು ಆಗುವುದಿಲ್ಲ. ಕೈ ಅಥವಾ ಕಾಲಿಗೆ ಮುರಿದ ಮೂಳೆಗೆ ಕಟ್ಟಿದ ಹಾಗೇ ಸಡಿಲವಾಗಿ ಆಸರೆ ಕಟ್ಟಿ, ನಡೆಸದೆ ಹೊತ್ತು ತನ್ನಿ. ಊತ ಎಲ್ಲಿ ತನಕ ಬಂದಿದೆಯೋ ಅಲ್ಲೊಂದು ಗೆರೆ ಎಳೆದು ಪಕ್ಕದಲ್ಲಿ ಸಮಯ ಬರೆಯಿರಿ, ಡಾಕ್ಟರಿಗೆ ತುಂಬ ಉಪಯೋಗ. ಹಾವನ್ನು ಹೊಡೆದು ತರುವುದು ಬೇಡವೇ ಬೇಡ. ದೂರದಿಂದ ಸುಲಭವಾಗಿ ಸಿಕ್ಕಿದರೆ ಒಂದು ಫೋಟೊ ಸಾಕು.

ನಮ್ಮಲ್ಲಿ ಸಿಗುವ ಆ್ಯಂಟಿವೆನಮ್ (ಹಾವಿನ ವಿಷಕ್ಕೆ ಆಸ್ಪತ್ರೆಯಲ್ಲಿ ಕೊಡುವ ಮದ್ದು) ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕರ ವಿಷಕ್ಕೆ ಮಾಡಿದ್ದು. ಘಟ್ಟದ ಹಸಿರು ಗುಳಿಮಂಡಲಕ್ಕೆ ಅದು ಅಲ್ಲ. ಹಾಗಂತ ಆಸ್ಪತ್ರೆಗೆ ಹೋಗುವುದು ಬಿಡಬೇಡಿ, ಅಲ್ಲಿ ಬೇರೆ ಚಿಕಿತ್ಸೆಯೂ ಇರುತ್ತದೆ. ಇನ್ನೊಂದು ಮಾತು. ಕಟ್ಟುಹಾವು ರಾತ್ರಿ ಮಲಗಿದ್ದಾಗ ಕಚ್ಚುತ್ತದೆ, ನೋವೂ ಗುರುತೂ ಇಲ್ಲದೆ ಇರಬಹುದು. ಟೆಂಟಲ್ಲಿ ಮಲಗಿದ್ದವರು ಬೆಳಗಿನ ಜಾವ ಹೊಟ್ಟೆನೋವು ಅಂದು, ರೆಪ್ಪೆ ಜೋತು ಬಿದ್ದು, ಮಾತು ತೊದಲಿದರೆ ಕಾಯಬೇಡಿ, ಹೊರಡಿ. ಚೈನು ಪೂರ್ತಿ ಎಳೆದ ಟೆಂಟು, ಕತ್ತಲಲ್ಲಿ ಟಾರ್ಚು, ಹಾಕುವ ಮೊದಲು ಬೂಟು ಕೊಡವುವುದು, ಇಷ್ಟು ಮಾಡಿದರೆ ಅಪಾಯ ಎಷ್ಟೋ ಕಮ್ಮಿ.

ಚಳಿ, ನೀರು, ಜೇನು

ಕುದುರೆಮುಖದಲ್ಲಿ ಮಳೆಗಾಲದ ಗಾಳಿಗೆ ಸಿಕ್ಕಿದವರಿಗೆ ಗೊತ್ತು, ಹಿಮ ಇಲ್ಲದೆಯೂ ಮೈ ಹೆಪ್ಪುಗಟ್ಟುತ್ತದೆ. ನಡುಗುತ್ತಿದ್ದವರು ನಡುಗುವುದು ನಿಲ್ಲಿಸಿ, ತೊದಲುತ್ತಾ, ಎಡವುತ್ತಾ ನಡೆದರೆ ಚಳಿ ಹೋಯಿತು ಅಂತ ತಿಳಿಯಬೇಡಿ, ಅದೇ ಅಪಾಯ. ಒದ್ದೆ ಬಟ್ಟೆ ತೆಗೆಸಿ, ಒಣಗಿದ್ದು ಹಾಕಿಸಿ, ನೆಲದ ತಂಪು ತಾಗದ ಹಾಗೆ ಮ್ಯಾಟ್ ಮೇಲೆ ಮಲಗಿಸಿ, ಹೊರಗಿಂದ ಪ್ಲಾಸ್ಟಿಕ್ ಶೀಟು ಸುತ್ತಿ. ನುಂಗಲು ಆದರೆ ಮಾತ್ರ ಬಿಸಿ ಸಿಹಿ ಪಾನಕ ಕೊಡಿ. ಮದ್ಯ ಬೇಡ.

ಜಲಪಾತದಲ್ಲಿ ಮುಳುಗಿದವರನ್ನು ಎಳೆದು ತಂದಾಗ ಉಸಿರಿಲ್ಲದಿದ್ದರೆ ಮೊದಲು ಬಾಯಿಂದ ಉಸಿರು ಊದಿ, ಆಮೇಲೆ ಎದೆ ಒತ್ತಿ. ಮೂವತ್ತು ಒತ್ತು, ಎರಡು ಉಸಿರು, ನಿಮಿಷಕ್ಕೆ 100ರಿಂದ 120ರ ವೇಗ, ದೊಡ್ಡವರಿಗೆ 5ರಿಂದ 6 ಸೆಂಟಿಮೀಟರ್ ಆಳ. ಹೊಟ್ಟೆ ಒತ್ತಿ ನೀರು ತೆಗೆಯಲು ಹೋಗಬೇಡಿ. ಈ ಒಂದನ್ನು ಮಾತ್ರ ಗೊಂಬೆಯ ಮೇಲೆ, ಕಲಿಸುವವರ ಎದುರೇ ಕಲಿಯಬೇಕು.

ಹೆಜ್ಜೇನು ಎದ್ದರೆ ಮುಖ ಮುಚ್ಚಿಕೊಂಡು ಓಡಿ, ಮರಗಳ ಮಧ್ಯೆ ನುಗ್ಗಿ. ನೀರಿಗೆ ಹಾರಿದರೆ ಮೇಲೆ ಕಾಯುತ್ತವೆ. ಮುಳ್ಳನ್ನು ಆದಷ್ಟು ಬೇಗ ಉಗುರಿಂದ ಕೆರೆದು ತೆಗೆಯಿರಿ. ತುಟಿ ನಾಲಿಗೆ ಊದಿ, ಉಸಿರು ಕಟ್ಟಿದರೆ ಒಂದು ನಿಮಿಷವೂ ಹಾಳು ಮಾಡದೆ ಆಸ್ಪತ್ರೆ ದಾರಿ ಹಿಡಿಯಬೇಕು. ಇಂಬಳಕ್ಕೆ ಹೆದರಬೇಡಿ, ಉಗುರಿಂದ ಜಾರಿಸಿ ತೆಗೆದರೆ ಸಾಕು, ರಕ್ತ ಸ್ವಲ್ಪ ಹೊತ್ತು ಸೋರುತ್ತದೆ ಅಷ್ಟೇ. ಉಣುಗು ಹಾಗಲ್ಲ. ಮಲೆನಾಡಲ್ಲಿ ಮಂಗನ ಕಾಯಿಲೆ ಹರಡುವುದು ಅದರಿಂದ. ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ನೇರ ಎಳೆಯಿರಿ, ಮುಂದಿನ ದಿನಗಳಲ್ಲಿ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಹೇಳಿ.

ಹೊತ್ತು ತರುವುದು, ಸುದ್ದಿ ಕಳಿಸುವುದು

ರಸ್ತೆ ಇಲ್ಲದ ಮಲೆನಾಡಿನ ಊರುಗಳಲ್ಲಿ ಇವತ್ತಿಗೂ ಕಂಬಳಿ ಜೋಲಿ ಕಟ್ಟಿ ರೋಗಿಗಳನ್ನು ಹೊತ್ತು ತರುತ್ತಾರೆ. ಅದನ್ನೇ ಕಲಿಯಿರಿ. ಕಾಲು ಮುರಿದವರಿಗೆ ಜೋಲಿ ಸರಿ, ಬೆನ್ನಿಗೆ ಪೆಟ್ಟಾದವರಿಗೆ ಬೇಡ. ಹೊರುವವರು ಆರು ಜನವಾದರೂ ಬೇಕು, ಐದು ನಿಮಿಷಕ್ಕೊಮ್ಮೆ ಕೈ ಬದಲಿಸಬೇಕಾಗುತ್ತದೆ. ಹೊರಲು ಆಗದಿದ್ದರೆ ಇಬ್ಬರನ್ನು ಕೆಳಗೆ ಕಳಿಸಿ, ಒಬ್ಬರನ್ನೇ ಬೇಡ. ಬಾಯಲ್ಲಿ ಹೇಳಿ ಕಳಿಸಬೇಡಿ, ಚೀಟಿ ಬರೆದು ಕೊಡಿ. ಎಲ್ಲಿದ್ದೇವೆ, ಎಷ್ಟು ಜನ, ಏನಾಗಿದೆ, ಎಷ್ಟು ಗಂಟೆಗೆ ಆಯಿತು, ಏನು ಮಾಡಿದ್ದೇವೆ. ನಾಡಿ, ಉಸಿರು, ಪ್ರಜ್ಞೆ ಹೇಗಿದೆ ಅಂತ ಹದಿನೈದು ನಿಮಿಷಕ್ಕೊಮ್ಮೆ ಬರೆದಿಡಿ. ನಿಮ್ಮ ಸಿಮ್‌ಗೆ ಸಿಗ್ನಲ್ ಇಲ್ಲದಿದ್ದರೂ ಬೇರೆ ಕಂಪನಿಯ ಟವರ್ ಸಿಕ್ಕರೆ 112ಕ್ಕೆ ಕರೆ ಹೋಗಬಹುದು, ಪ್ರಯತ್ನ ಮಾಡಿ.

ಎಲ್ಲಿ ಕಲಿಯುವುದು

ರೆಡ್ ಕ್ರಾಸ್ ಮತ್ತು ಸೇಂಟ್ ಜಾನ್ ಆಂಬುಲೆನ್ಸ್ ಪ್ರಥಮ ಚಿಕಿತ್ಸೆ ತರಬೇತಿ ಕೊಡುತ್ತವೆ, ಅಲ್ಲಿಂದ ಶುರು ಮಾಡಿ. ಕಾಡಿಗೇ ಅಂತ ಇರುವ ಪ್ರಥಮ ಚಿಕಿತ್ಸೆ ಕೋರ್ಸ್ ಸಾಮಾನ್ಯವಾಗಿ ಎರಡು ದಿನ, ಟ್ರೆಕ್ ನಡೆಸುವವರು ಮಾಡುವ ದೊಡ್ಡ ಕೋರ್ಸ್ ಎಂಟು ಹತ್ತು ದಿನ. ಸೇರುವ ಮೊದಲು ಒಂದೇ ಪ್ರಶ್ನೆ ಕೇಳಿ: ಎಷ್ಟು ಹೊತ್ತು ಕೈಯಲ್ಲಿ ಮಾಡಿಸುತ್ತೀರಿ? ಇಡೀ ದಿನ ಸ್ಲೈಡ್ ತೋರಿಸುವ ಕಡೆ ದುಡ್ಡು ಕೊಡಬೇಡಿ. ಕಲಿತದ್ದು ಆರು ತಿಂಗಳಲ್ಲಿ ಕೈ ಬಿಟ್ಟು ಹೋಗುತ್ತದೆ, ನಾವು ಪ್ರತಿ ಟ್ರೆಕ್‌ನ ಹಿಂದಿನ ರಾತ್ರಿ ಅರ್ಧ ಗಂಟೆ ಒಬ್ಬರಿಗೊಬ್ಬರು ಕಟ್ಟಿ ಬಿಚ್ಚುತ್ತೇವೆ.

ಈಗ ನನ್ನ ಡಬ್ಬಿಯಲ್ಲಿ ಇರುವುದು ಎರಡು ಅಗಲ ಕ್ರೇಪ್ ಬ್ಯಾಂಡೇಜ್, ಗಾಜ್ ಬಟ್ಟೆ, ಮೂರು ಮೂಲೆಯ ಬಟ್ಟೆ, ಕತ್ತರಿ, ಚಿಮುಟ, ಗ್ಲೌಸು, ಓಆರ್‌ಎಸ್ ಪುಡಿ, ಪ್ಲಾಸ್ಟಿಕ್ ಶೀಟು, ಪೆನ್ನು, ಚೀಟಿ. ಓಆರ್‌ಎಸ್ ಖಾಲಿಯಾದರೆ ಒಂದು ಲೀಟರ್ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎಲ್ಲ ಚಮಚದ ಅಂಚಿಗೆ ಸಮ ಮಾಡಿದ ಅಳತೆ. ಚಮಚ ಕೂಡ ಡಬ್ಬಿಯಲ್ಲೇ ಇದೆ.